ಪ್ಲೇಟ್ ಹೋಗಿಲ್ಲ, ಸೀಲ್ ಹೋಗಿದೆ

ಕ್ಲಚ್ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತುಬಿಟ್ಟರೆ ಬಳ್ಳಾರಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು: ‘ಪ್ಲೇಟ್ ಹೋಗೈತೆ ಸಾರ್, ಸೆಟ್ ಹಾಕ್ಸಿಬಿಡ್ರಿ.’ ಸೆಟ್ ಅಂದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ. ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕು, ಗಾಡಿ ಒಂದೆರಡು ದಿನ ಶೆಡ್ಡಿನಲ್ಲಿ ನಿಲ್ಲಬೇಕು. ನನ್ನ ಡೀಸೆಲ್ ಗಾಡಿಗೆ ಒಂದು ವರ್ಕ್‌ಶಾಪಿನವರು ಬರೆದುಕೊಟ್ಟ ಎಸ್ಟಿಮೇಟ್ 18 ಸಾವಿರ ರೂಪಾಯಿ ದಾಟಿತ್ತು. ಅದೇ ಗಾಡಿ ಕೊನೆಗೆ ಸರಿಹೋದದ್ದು 2,600 ರೂಪಾಯಿಗೆ. ಪ್ಲೇಟನ್ನು ಯಾರೂ ಮುಟ್ಟಲೇ ಇಲ್ಲ. ಕೆಟ್ಟಿದ್ದು ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ರಬ್ಬರ್ ಸೀಲ್.

ಈ ಎರಡು ಮೊತ್ತಗಳ ನಡುವಿನ 15 ಸಾವಿರ ಯಾವ ಬಿಡಿಭಾಗದ ಬೆಲೆಯೂ ಅಲ್ಲ. ಅದು ದೋಷ ಎಲ್ಲಿದೆ ಎಂದು ಹುಡುಕದೆ ಕೆಲಸಕ್ಕಿಳಿದರೆ ನಾವು ಕಟ್ಟುವ ದಂಡ. ಮನೆಯ ಖರ್ಚಿನಲ್ಲಿ ಕಾರಿನ ರಿಪೇರಿ ಎಂಬ ಬಾಬತ್ತು ಹಿಡಿತ ತಪ್ಪುವುದು ಬಹುತೇಕ ಇಲ್ಲೇ. ಆದ್ದರಿಂದ ಈ ಸಲ, ಎಂದಿನಂತೆ ಬರೆಯುವ ಠೇವಣಿ, ಬಡ್ಡಿಗಳನ್ನು ಬದಿಗಿಟ್ಟು ಕ್ಲಚ್ ಬಗ್ಗೆ ಬರೆಯುತ್ತಿದ್ದೇನೆ.

ನನ್ನ ಮನೆ ಬಳ್ಳಾರಿಯ ಗಾಂಧಿನಗರದಲ್ಲಿ. ಸಿರುಗುಪ್ಪದ ಅಕ್ಕಿ ಗಿರಣಿಗಳು, ಕುರುಗೋಡಿನ ಅಂಗಡಿಗಳು, ಇವುಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಸಿರುಗುಪ್ಪಕ್ಕೆ ಇಲ್ಲಿಂದ ಸುಮಾರು 55 ಕಿಲೋಮೀಟರ್, ಕುರುಗೋಡಿಗೆ 30ರ ಆಸುಪಾಸು. ಖಾಲಿ ಹೆದ್ದಾರಿಯಲ್ಲಿ ಕ್ಲಚ್‌ಗೆ ಹೆಚ್ಚು ಕೆಲಸವಿಲ್ಲ. ಅದಕ್ಕೆ ಬೆವರಿಳಿಯುವುದು ರಾಯಲ್ ಸರ್ಕಲ್‌ನಲ್ಲಿ, ಸುಧಾ ಕ್ರಾಸ್‌ನ ರೈಲ್ವೆ ಗೇಟಿನಲ್ಲಿ. ಭತ್ತದ ಸುಗ್ಗಿ ಬಂತೆಂದರೆ ಸಿರುಗುಪ್ಪದ ರಸ್ತೆಯಲ್ಲೂ ಅದೇ ಪಾಡು: ಮುಂದೆ ಮೂಟೆ ಹೇರಿದ ಟ್ರ್ಯಾಕ್ಟರ್, ಹಿಂದೆ ಲಾರಿ, ನಡುವೆ ನಮ್ಮದು ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು. ಸುಗ್ಗಿಯ ವಾರದಲ್ಲಿ ಗಾಡಿ ನಿಂತರೆ ನನಗೆ ರಿಪೇರಿ ಖರ್ಚಿನ ಜೊತೆಗೆ ಬಾಡಿಗೆ ಕಾರಿನ ಖರ್ಚೂ ಬೀಳುತ್ತದೆ.

ಹಳೆಯ ಮಾರುತಿ 800ರಂಥ ಗಾಡಿಗಳಲ್ಲಿ ಪೆಡಲ್‌ನಿಂದ ಗೇರ್ ಬಾಕ್ಸ್‌ವರೆಗೆ ಒಂದು ಕೇಬಲ್ ಇರುತ್ತದೆ. ಹರಿದರೆ ಹರಿಯಿತು, ಅನುಮಾನಕ್ಕೆ ಎಡೆಯಿಲ್ಲ. ಹೈಡ್ರಾಲಿಕ್ ಕ್ಲಚ್‌ನಲ್ಲಿ ಕೇಬಲ್ಲಿನ ಕೆಲಸವನ್ನು ಬ್ರೇಕ್ ಆಯಿಲ್ ಮಾಡುತ್ತದೆ. ಪೆಡಲ್ ಒತ್ತಿದಾಗ ಅದಕ್ಕೆ ಜೋಡಿಸಿದ ರಾಡ್ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಆ ಒತ್ತಡ ಸಣ್ಣ ಪೈಪಿನ ಮೂಲಕ ಗೇರ್ ಬಾಕ್ಸ್ ಹತ್ತಿರದ ಸ್ಲೇವ್ ಸಿಲಿಂಡರನ್ನು ಮುಟ್ಟುತ್ತದೆ. ಸ್ಲೇವ್ ರಾಡ್ ರಿಲೀಸ್ ಬೇರಿಂಗನ್ನು ಸರಿಸುವ ಫೋರ್ಕನ್ನು ದೂಡಿದಾಗ ಬೇರಿಂಗ್ ಮುಂದೆ ಸರಿದು ಪ್ಲೇಟ್ ಬಿಡುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಎಂಬ ಒಂದೇ ಗುಣದ ಮೇಲೆ ಈ ಏರ್ಪಾಡೆಲ್ಲ ನಿಂತಿದೆ. ಗಾಳಿ ಮಾತ್ರ ಕುಗ್ಗುತ್ತದೆ. ಸ್ಲೇವ್ ರಾಡ್ ಸರಿಯುವುದೇ ಒಂದು, ಒಂದೂವರೆ ಸೆಂಟಿಮೀಟರ್. ಎಲ್ಲೋ ಸ್ವಲ್ಪ ಆಯಿಲ್ ಸೋರಿ ಆ ಜಾಗಕ್ಕೆ ಗಾಳಿ ಸೇರಿತೆಂದರೆ ನಮ್ಮ ಕಾಲಿನ ಬಲ ಗಾಳಿಯನ್ನು ಕುಗ್ಗಿಸುವುದಕ್ಕೇ ಮುಗಿದುಹೋಗುತ್ತದೆ, ಪ್ಲೇಟ್ ಪೂರ್ತಿ ಬಿಡುವುದೇ ಇಲ್ಲ.

ಹಣ ಉಳಿಸುವ ಮೊದಲ ತಿಳಿವಳಿಕೆ ಇದು: ಪ್ಲೇಟ್ ಸವೆದರೆ ಗಾಡಿ ಎಳೆಯುವುದಿಲ್ಲ, ಹೈಡ್ರಾಲಿಕ್ ಕೆಟ್ಟರೆ ಗೇರ್ ಬೀಳುವುದಿಲ್ಲ. ಪ್ಲೇಟ್ ಸವೆದ ಗಾಡಿಯಲ್ಲಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ, ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಗೇರುಗಳು ಮಾತ್ರ ಸಲೀಸಾಗಿ ಬೀಳುತ್ತಿರುತ್ತವೆ. ಹೈಡ್ರಾಲಿಕ್ ದೋಷದಲ್ಲಿ ಇದೆಲ್ಲ ತಿರುವುಮುರುವು. ಓಡುತ್ತಿರುವಾಗ ಎಳೆತ ಚೆನ್ನಾಗಿಯೇ ಇರುತ್ತದೆ. ನಿಂತು ಹೊರಡುವಾಗ ಒಂದನೇ ಗೇರು ಬಿಗಿ, ರಿವರ್ಸ್ ಹಾಕಿದರೆ ಕರಕರ ಸದ್ದು, ಪೆಡಲ್ ಮೆತ್ತಗೆ. ಪೆಡಲನ್ನು ಮೂರು ನಾಲ್ಕು ಸಲ ಬೇಗ ಬೇಗ ಪಂಪ್ ಮಾಡಿದಾಗ ಗೇರ್ ಬಿದ್ದರೆ ಅನುಮಾನ ಮಾಸ್ಟರ್, ಸ್ಲೇವ್, ಪೈಪುಗಳ ಮೇಲೆ ಹೋಗಬೇಕು. ಸವೆದ ಪ್ಲೇಟ್ ಪಂಪ್ ಮಾಡಿದರೆ ಸರಿಹೋಗುವುದಿಲ್ಲ.

ಇದಕ್ಕೆ ಒಂದು ಅಪವಾದವಿದೆ. ನಮ್ಮ ಊರಿನ ಬಿಸಿಲಿಗೆ ಅದು ಮುಖ್ಯವಾದದ್ದು. ಪೆಡಲ್ ಬಿಟ್ಟಾಗ ಮಾಸ್ಟರಿನ ಪಿಸ್ಟನ್ ಪೂರ್ತಿ ಹಿಂದೆ ಬಂದು ಒಂದು ಸಣ್ಣ ರಂಧ್ರ ತೆರೆಯಬೇಕು. ಕಾದು ಹಿಗ್ಗಿದ ಆಯಿಲ್ ಅದರ ಮೂಲಕ ಬಾನೆಟ್ ಒಳಗಿನ ಆಯಿಲ್ ಡಬ್ಬಿಗೆ ವಾಪಸ್ ಹೋಗುತ್ತದೆ. ರಾಡನ್ನು ಬಿಗಿಯಾಗಿ ಹೊಂದಿಸಿ ಪೆಡಲ್‌ಗೆ ಫ್ರೀ ಪ್ಲೇ (ಮೊದಲ ಸಡಿಲ ಓಟ) ಇಲ್ಲದಂತೆ ಮಾಡಿದ್ದರೆ, ಅಥವಾ ಕೊಳೆ ಕಟ್ಟಿ ರಂಧ್ರ ಮುಚ್ಚಿದ್ದರೆ, ಆ ದಾರಿ ಬಂದ್. ಒತ್ತಡ ಒಳಗೇ ಉಳಿದು ಯಾರೂ ಒತ್ತದಿದ್ದರೂ ಕ್ಲಚ್ ಅರ್ಧ ಒತ್ತಿದಂತಾಗುತ್ತದೆ, ಪ್ಲೇಟ್ ಜಾರುತ್ತದೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಎಂಜಿನ್ ಕಾದ ಮೇಲಷ್ಟೇ ಜಾರುವ ಗಾಡಿಗೆ ಸೆಟ್ ಹಾಕಿಸುವ ಮುನ್ನ ಇದನ್ನು ನೋಡಿಸಿ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ ಸ್ಲೇವ್‌ನ ಬ್ಲೀಡ್ ನಿಪ್ಪಲ್ಲನ್ನು (ಏರ್ ಹೊರಬಿಡುವ ತಿರುಪು) ಮೆಕ್ಯಾನಿಕ್ ಒಂದು ಕ್ಷಣ ಸಡಿಲಿಸಿದಾಗ ಆಯಿಲ್ ಚಿಮ್ಮಿ ಜಾರುವುದು ನಿಂತರೆ ಪ್ಲೇಟಿನ ತಪ್ಪಿಲ್ಲ.

ನನ್ನ ಗಾಡಿ ಕೈಕೊಟ್ಟದ್ದು ತೆಕ್ಕಲಕೋಟೆ ದಾಟಿದ ಮೇಲೆ, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ. ಪಂಪ್ ಮಾಡುತ್ತ, ಆದಷ್ಟು ಗೇರ್ ಬದಲಿಸದೆ ಬಳ್ಳಾರಿ ಸೇರಿಕೊಂಡೆ. ಮೇಲೆ ಹೇಳಿದ ವರ್ಕ್‌ಶಾಪಿನವರು ಪೆಡಲನ್ನು ಒಮ್ಮೆ ಒತ್ತಿ ನೋಡಿ ಎಸ್ಟಿಮೇಟ್ ಬರೆದರು. ಬಾನೆಟ್ ತೆರೆಯಲಿಲ್ಲ. ಎಳೆತ ಚೆನ್ನಾಗಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಗಾಡಿ ತೆಗೆದುಕೊಂಡು ಬಂದೆ.

ಗಾಂಧಿನಗರದಲ್ಲಿ ನಮಗೆ ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ, ವಯಸ್ಸಾದವರು. ಅವರು ಮೊದಲು ಮಾಡಿದ ಕೆಲಸ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ತೆಗೆದದ್ದು. ಬಗ್ಗಿ, ಪೆಡಲಿನ ರಾಡ್ ಮಾಸ್ಟರ್ ಸಿಲಿಂಡರಿಗೆ ಹೋಗುವ ಜಾಗದಲ್ಲಿ ತೋರುಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳು ಒದ್ದೆ. ‘ಇಲ್ಲಿ ಸೋರ್ತೈತೆ ನೋಡ್ರಿ ಸಾರ್, ಪೇಂಟೂ ಎದ್ದೈತೆ.’ ಬ್ರೇಕ್ ಆಯಿಲ್ ಬಿದ್ದಲ್ಲಿ ಬಣ್ಣ ಉಳಿಯುವುದಿಲ್ಲ. ಕೆಳಗಿನ ತಗಡಿನಲ್ಲಿ ಬಿಲ್ಲೆಯಗಲ ಪೇಂಟ್ ಸುಲಿದಿತ್ತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದರು. ಹೊಸತರಲ್ಲಿ ತಿಳಿ ಹಳದಿಯಿರುವ ಆಯಿಲ್ ಕಷಾಯದಂತೆ ಕಪ್ಪಾಗಿ, ಗುರುತಿಗಿಂತ ಕೆಳಗಿತ್ತು. ಗಾಡಿಯಡಿ ಮಲಗಿ ಸ್ಲೇವ್‌ನ ಧೂಳಿನ ರಬ್ಬರ್ ಮಡಚಿ ನೋಡಿದರು: ಒಣಗಿತ್ತು. ಕೊನೆಗೆ ರಬ್ಬರ್ ಹೋಸ್‌ಗೆ ಮೊನೆಯಿಲ್ಲದ ಕ್ಲಾಂಪ್ ಹಾಕಿ ಸ್ಲೇವ್‌ಗೆ ದಾರಿ ಮುಚ್ಚಿ, ಪೆಡಲ್ ಒತ್ತಿ ಹಿಡಿಯಲು ನನಗೆ ಹೇಳಿದರು. ಪೆಡಲ್ ಆಗಲೂ ಮೆಲ್ಲಗೆ ಇಳಿಯಿತು. ಒತ್ತಡ ನಿಲ್ಲದಿರುವುದು ಮಾಸ್ಟರಿನಲ್ಲೇ ಎಂದಾಯಿತು. ಪೆಡಲ್ ಗಟ್ಟಿಯಾಗಿ ನಿಂತಿದ್ದರೆ ದೋಷ ಕ್ಲಾಂಪಿನ ಆಚೆ, ಸ್ಲೇವ್ ಕಡೆಗೆ. ಈ ಪರೀಕ್ಷೆಗೆಲ್ಲ ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು.

ಮಾಸ್ಟರಿನೊಳಗಿನ ಸೀಲುಗಳ ಕಿಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಬಿಚ್ಚಿದ ಮಾಸ್ಟರಿನ ಒಳಗೋಡೆಯ ಮೇಲೆ ಉಗುರಾಡಿಸಿದರೆ ತುಕ್ಕಿನ ಗುಳಿಗಳು ಸಿಕ್ಕುತ್ತಿದ್ದವು. ಅಂಥ ಸಿಲಿಂಡರಿಗೆ ಹೊಸ ಸೀಲ್ ಹಾಕಿದರೆ ಗುಳಿಯ ಅಂಚು ಅದನ್ನೂ ಕೊಯ್ಯುತ್ತದೆ, ಕೂಲಿ ಎರಡು ಸಲ ಕೊಡಬೇಕಾಗುತ್ತದೆ. ಒಳಗೋಡೆ ನುಣುಪಾಗಿದ್ದರೆ ಕಿಟ್, ಗುಳಿ ಬಿದ್ದಿದ್ದರೆ ಹೊಸ ಸಿಲಿಂಡರ್. ನನ್ನ ಬಿಲ್ಲಿನಲ್ಲಿ ಸಿಲಿಂಡರಿಗೆ 1,500, ಅರ್ಧ ಲೀಟರ್ ಬ್ರೇಕ್ ಆಯಿಲ್‌ಗೆ 250, ಏರ್ ತೆಗೆಯುವುದೂ ಸೇರಿ ಕೂಲಿ 850 ರೂಪಾಯಿ. ನಿಮ್ಮ ಗಾಡಿಯ ಲೆಕ್ಕ ಬೇರೆ ಇರಬಹುದು.

ಎಲ್ಲ ಗಾಡಿಗೂ ಇದೇ ನ್ಯಾಯ ಅನ್ವಯಿಸದು. ಈಚಿನ ಹಲವು ಮಾದರಿಗಳಲ್ಲಿ ಸ್ಲೇವ್ ಸಿಲಿಂಡರ್ ಹೊರಗಿಲ್ಲ. ಗೇರ್ ಬಾಕ್ಸಿನ ಶಾಫ್ಟ್ ಸುತ್ತ ಬಳೆಯ ಆಕಾರದಲ್ಲಿ, ರಿಲೀಸ್ ಬೇರಿಂಗ್ ಸಮೇತ ಒಳಗೇ ಕೂತಿರುತ್ತದೆ. ಅದು ಸೋರಿದರೆ ಆಯಿಲ್ ಎಂಜಿನ್–ಗೇರ್ ಬಾಕ್ಸ್ ಕೂಡುವ ಜಾಗದ ಕೆಳಗಿನಿಂದ ತೊಟ್ಟಿಕ್ಕುತ್ತದೆ. ಭಾಗ ಚಿಕ್ಕದಾದರೂ ಗೇರ್ ಬಾಕ್ಸ್ ಇಳಿಸಲೇಬೇಕು, ಕೂಲಿಯೇ ದೊಡ್ಡದು. ಇಲ್ಲಿ ನನ್ನ ಸಲಹೆ ತಿರುಗುತ್ತದೆ. ಗೇರ್ ಬಾಕ್ಸ್ ಇಳಿದಾಗ ಪ್ಲೇಟ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅಥವಾ ಸೋರಿದ ಆಯಿಲ್ ಪ್ಲೇಟಿಗೆ ತಾಗಿದ್ದರೆ ಸೆಟ್ಟನ್ನೂ ಜೊತೆಗೇ ಹಾಕಿಸುವುದು ಲಾಭ. ಅದೇ ಕೂಲಿಯಲ್ಲಿ ಎರಡೂ ಕೆಲಸ ಮುಗಿಯುತ್ತವೆ. ಸೆಟ್ ಹಾಕಿಸಲೆಂದೇ ಇಳಿಸಿದ್ದರೆ ಒಳಗಿನ ಸ್ಲೇವನ್ನು ಹಳೆಯದೇ ಬಿಟ್ಟು ಉಳಿಸಿದ ದುಡ್ಡು ಉಳಿತಾಯವಲ್ಲ. ನಿಮ್ಮ ಗಾಡಿಯ ಸ್ಲೇವ್ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಇವತ್ತೇ ಕೇಳಿ ತಿಳಿದುಕೊಳ್ಳಿ. ಖರ್ಚಿನ ಗಾತ್ರ ನಿರ್ಧಾರವಾಗುವುದು ಅದರಿಂದಲೇ.

ತಡೆಯುವ ದಾರಿ ಅಗ್ಗದ್ದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ಮೀರುವ ಬಳ್ಳಾರಿಯಲ್ಲಿ, ಎಂಜಿನ್ ಪಕ್ಕದಲ್ಲಿ ಹಾದುಹೋಗುವ ಪೈಪಿಗೆ ಈ ವ್ಯತ್ಯಾಸ ಸಣ್ಣದಲ್ಲ. ಸಿಲಿಂಡರಿಗೆ ತುಕ್ಕು ಹಿಡಿಸುವುದೂ ಆ ನೀರೇ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಬ್ರೇಕಿಗೆ ಬದಲಿಸುವಾಗ ಕ್ಲಚ್ ಪೈಪಿನ ಹಳೆಯ ಆಯಿಲನ್ನೂ ಸ್ಲೇವ್ ನಿಪ್ಪಲ್ಲಿನಿಂದ ಹೊರಗೆ ತೆಗೆಸಿ. ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಸೀಲ್ ಮಾಡಿದ ಡಬ್ಬಿಯನ್ನೇ ಕೊಳ್ಳಿ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ಆಯಿಲ್ ಬೇಡ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಇದಕ್ಕೆ ಬೀಳಬಾರದು, ಸೀಲುಗಳೆಲ್ಲ ಊದಿ ಕೆಡುತ್ತವೆ.

ಹಲವು ಕಾರುಗಳಲ್ಲಿ ಬ್ರೇಕ್ ಮತ್ತು ಕ್ಲಚ್ ಎರಡಕ್ಕೂ ಒಂದೇ ಡಬ್ಬಿ. ಕ್ಲಚ್ ಪೈಪು ಅದರ ಪಕ್ಕದಲ್ಲಿ ಸ್ವಲ್ಪ ಮೇಲ್ಗಡೆ ಕೂಡಿರುತ್ತದೆ, ಕ್ಲಚ್ ಸೋರಿದರೂ ಬ್ರೇಕಿಗೆ ಒಂದಿಷ್ಟು ಆಯಿಲ್ ಉಳಿಯಲಿ ಎಂದು. ಹಾಗಾಗಿ ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಹಂಪ್ ಹತ್ತಿಳಿಯುವಾಗ ಮಿನುಗಿದರೆ ಬ್ರೇಕ್ ಪ್ಯಾಡ್ ಜೊತೆಗೆ ಕ್ಲಚ್ಚನ್ನೂ ನೋಡಿಸಿ. ಆಯಿಲ್ ಮೇಲಿಂದ ಮೇಲೆ ತುಂಬಿಸಿಕೊಂಡು ಓಡಿಸುವುದು ಅಪಾಯ. ಮುಚ್ಚಿದ ಏರ್ಪಾಡಿನಲ್ಲಿ ಆಯಿಲ್ ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪ್ಯಾಡ್ ಸವೆದಿದೆ.

ಬಿಲ್ಲಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಭಾಗ ಮತ್ತು ಕೂಲಿಯನ್ನು ಬೇರೆ ಬೇರೆ ಬರೆಸಿಕೊಳ್ಳಿ, ಬಿಚ್ಚಿದ ಹಳೆಯ ಭಾಗ ಕೇಳಿ ಪಡೆಯಿರಿ. ಪ್ಲೇಟ್ ಹೋಗಿದೆ ಎಂದವರು ಅದನ್ನು ಕೈಗೆ ಕೊಡಲಿ. ರಿವೆಟ್ ತಲೆಗಳ ಮೇಲೆ ಲೈನಿಂಗ್ ಎಷ್ಟು ಉಳಿದಿದೆ ಎಂದು ಯಾರಿಗಾದರೂ ಕಾಣಿಸುತ್ತದೆ. ವಿಮೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ, ಸವೆತ ಮತ್ತು ಯಾಂತ್ರಿಕ ದೋಷಗಳು ಸಾಮಾನ್ಯ ಕಾರು ಪಾಲಿಸಿಯ ಹೊರಗೆ. ರಸ್ತೆಬದಿ ನೆರವಿನ ಆಡ್-ಆನ್ ಇದ್ದರೆ ಗಾಡಿ ಎಳೆಸುವ ಖರ್ಚಾದರೂ ಉಳಿಯುತ್ತದೆ. ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಬಿಲ್ ಇಲ್ಲದೆ ಹೋದವರಿಗೆ ಅಲ್ಲಿ ವಾದ ಕಷ್ಟ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಇಷ್ಟು ಮಾಡಿ. ಸಮತಟ್ಟಾದ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ ಒಂದನೇ ಗೇರಿಗೆ ಹಾಕಿ, ಪೆಡಲನ್ನು ಒಂದು ನಿಮಿಷ ಹಾಗೇ ಹಿಡಿಯಿರಿ. ಬಲಗಾಲು ಬ್ರೇಕಿನ ಮೇಲೆ ಸಿದ್ಧವಾಗಿರಲಿ. ಗಾಡಿ ತಾನಾಗಿ ಮುಂದೆ ತೆವಳಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಮಾಸ್ಟರಿನೊಳಗೆ ಒತ್ತಡ ಸೋರುತ್ತಿರಬಹುದು. ಮ್ಯಾಟ್ ತೆಗೆದು ಬೆರಳಾಡಿಸಿ, ಡಬ್ಬಿಯ ಆಯಿಲ್ ಬಣ್ಣ ನೋಡಿ, ಸ್ಲೇವ್ ಎಲ್ಲಿದೆ ಎಂದು ಕೇಳಿ. ದೋಷ ಕಂಡರೆ, ಸ್ಲೇವ್ ಹೊರಗಿದ್ದಲ್ಲಿ ಬೆಲೆಯಲ್ಲಿ ಮೂರು ಸಾವಿರ, ಒಳಗಿದ್ದಲ್ಲಿ ಪೂರ್ತಿ ಸೆಟ್ಟಿನ ಖರ್ಚು ಕಳೆದು ಮಾತಾಡಿ. ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ನೋಡಿ.