ತತ್ತಿ ಕೆಟ್ಟುದು ಗುಡುಗಿನಿಂದಲೇ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಜೋಳ ತೊಗರಿಗಳ ಬಯಲುಸೀಮೆ. ಇಲ್ಲಿಯ ಹಳ್ಳಿಗಳಲ್ಲಿ ಹಿತ್ತಲಿನ ನಾಟಿ ಕೋಳಿ ಬಡ ಮನೆಯ ಕೈಗಂಟು. ಹೇಂಟೆಯೊಂದು ಹನ್ನೆರಡು ತತ್ತಿಗಳ ಮೇಲೆ ಕಾವು ಕುಳಿತು ಹತ್ತು ಮರಿ ಮಾಡಿತೆಂದರೆ, ಕೆಲವು ತಿಂಗಳ ಮೇಲೆ ಮಕ್ಕಳ ಪುಸ್ತಕಕ್ಕೋ ಔಷಧಕ್ಕೋ ಹಣ ಒದಗಿದಂತೆಯೇ. ಆದರೆ ಚಳಿಗಾಲದಲ್ಲಿ ಹೀಗೆ ಫಲ ಕೊಟ್ಟ ಹೇಂಟೆಯೇ ಬೇಸಿಗೆಯ ಕೊನೆಯಲ್ಲಿ ಮೂರು ನಾಲ್ಕು ಮರಿಗಳನ್ನು ಮಾತ್ರ ಎಬ್ಬಿಸುವುದುಂಟು. ಉಳಿದ ತತ್ತಿಗಳು ಕೆಟ್ಟು ನಾರುತ್ತವೆ. ಆಗ ಮನೆಯವರು ಹೇಂಟೆಯನ್ನು ಹಳಿಯುತ್ತಾರೆ. ಇಲ್ಲವೆ ಗುಡುಗನ್ನು ದೂರುತ್ತಾರೆ. ಗುಡುಗಿನ ಸದ್ದಿಗೆ ಕಾವಿನ ತತ್ತಿ ಕೆಡುವುದೆಂಬ ನಂಬಿಕೆ ಅನೇಕ ದೇಶಗಳಲ್ಲಿ ಬಹು ಹಳೆಯದು. ಈ ನಂಬಿಕೆಯಲ್ಲಿ ಹುರುಳೆಷ್ಟು, ತತ್ತಿ ಕೆಡುವುದಕ್ಕೆ ನಿಜವಾದ ಕಾರಣವೇನು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ನಿದ್ರಿಸುವ ಜೀವ

ಹೇಂಟೆ ಕಾವಿಗೆ ಕುಳಿತ ದಿನವೇ ಮರಿಯ ಜೀವನ ಆರಂಭವಾಗುವುದೆಂದು ನಾವು ಭಾವಿಸುತ್ತೇವೆ. ಇದು ಸರಿಯಲ್ಲ. ಹುಂಜದೊಡನೆ ಕೂಡಿದ ಹೇಂಟೆಯಲ್ಲಿ, ಹಳದಿ ಭಾಗವು ಅಂಡಾಶಯದಿಂದ ಬಿಡುಗಡೆಯಾದ ಕೆಲವೇ ನಿಮಿಷಗಳಲ್ಲಿ ಗರ್ಭಾಂಕುರವಾಗುತ್ತದೆ. ಅದರ ಸುತ್ತ ಬಿಳಿಯ ಲೋಳೆಯೂ ಚಿಪ್ಪೂ ಕೂಡಿಕೊಂಡು ತತ್ತಿ ಹೊರಬರಲು ಸುಮಾರು 25 ಗಂಟೆಗಳು ಬೇಕು. ಹೇಂಟೆಯ ಮೈಯೊಳಗಿನ ಉಷ್ಣತೆ ಸುಮಾರು 41 ಅಂಶ ಸೆಲ್ಸಿಯಸ್. ಆ ಬಿಸಿಯಲ್ಲಿ ಭ್ರೂಣದ ಜೀವಕೋಶಗಳು ವಿಭಾಗವಾಗುತ್ತಲೇ ಇರುತ್ತವೆ. ಆದುದರಿಂದ ತತ್ತಿ ಗೂಡಿಗೆ ಬೀಳುವಷ್ಟರಲ್ಲಿ ಅದರೊಳಗೆ ಹತ್ತಾರು ಸಾವಿರ ಜೀವಕೋಶಗಳ ಒಂದು ಪುಟ್ಟ ಬಿಲ್ಲೆ ಸಿದ್ಧವಾಗಿರುತ್ತದೆ.

ಹೊರಬಂದ ತತ್ತಿ ತಣ್ಣಗಾಗುತ್ತದೆ. ಉಷ್ಣತೆ ಸುಮಾರು 20-21 ಅಂಶಕ್ಕಿಂತ ಕೆಳಗಿಳಿದರೆ ಭ್ರೂಣದ ಬೆಳವಣಿಗೆ ನಿಲ್ಲುತ್ತದೆ; ಆದರೆ ಅದು ಸಾಯುವುದಿಲ್ಲ, ನಿದ್ರಿಸುತ್ತದೆ. ಹೇಂಟೆ ದಿನಕ್ಕೊಂದರಂತೆ ಇಟ್ಟ ತತ್ತಿಗಳೆಲ್ಲವೂ ಒಂದೇ ದಿನ ಒಡೆದು ಮರಿಯಾಗುವುದರ ಗುಟ್ಟು ಇದೇ. ಎಲ್ಲವೂ ಮಲಗಿದ್ದು, ಕಾವು ತಗುಲಿದಾಗ ಒಟ್ಟಿಗೆ ಏಳುತ್ತವೆ.

ಅರೆಬಿಸಿಯ ಕೇಡು

ಪೂರ್ಣ ಬೆಳವಣಿಗೆಗೆ ಬೇಕಾದ ಉಷ್ಣತೆ ಸುಮಾರು 37.5 ಅಂಶ. ನಿದ್ರೆಗೆ ಬೇಕಾದುದು 20ಕ್ಕಿಂತ ಕಡಿಮೆ. ಇವೆರಡರ ನಡುವೆ ಸಿಕ್ಕಿದ ತತ್ತಿಯ ಗತಿಯೇನು? 27 ಅಂಶವನ್ನು ದಾಟಿದ ಮೇಲೆ ಭ್ರೂಣ ಎಚ್ಚರಗೊಳ್ಳುತ್ತದೆ. ಆದರೆ ಕ್ರಮವಾಗಿ ಬೆಳೆಯಲಾರದು. ಒಂದು ಭಾಗ ಮುಂದುವರಿದರೆ ಇನ್ನೊಂದು ಹಿಂದುಳಿಯುತ್ತದೆ. ಕೆಲವು ದಿನ ಹೀಗೆಯೇ ಕಳೆದರೆ ಅದು ಬಲಗುಂದಿ, ಕಾವಿಗೆ ಇಡುವ ಮೊದಲೇ, ಇಲ್ಲವೆ ಇಟ್ಟ ಎರಡು ಮೂರು ದಿನಗಳಲ್ಲಿ ಸಾಯುತ್ತದೆ.

ಕಲಬುರಗಿ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಹಗಲಿನ ಉಷ್ಣತೆ 40 ಅಂಶವನ್ನು ಮೀರುವುದು ಸಾಮಾನ್ಯ. ಮಣ್ಣಿನ ಮಾಳಿಗೆಯ ದಪ್ಪ ಗೋಡೆಯ ಮನೆ ಕೊಂಚ ತಂಪಾಗಿರಬಹುದು. ತಗಡು ಹೊದಿಸಿದ ಮನೆಯಂತೂ ಕಾದ ಹಂಚು. ಒಲೆಯ ಬಳಿಯ ಗೂಡಿನಲ್ಲಿಯೋ ಅಟ್ಟದ ಮೇಲೋ ಹತ್ತು ಹದಿನೈದು ದಿನ ಕೂಡಿಟ್ಟ ತತ್ತಿಗಳು ಹಗಲಿರುಳೂ ಈ ಅರೆಬಿಸಿಯಲ್ಲಿಯೇ ಇರುತ್ತವೆ. ಹೇಂಟೆ ಅವುಗಳ ಮೇಲೆ ಕೂಡುವ ಹೊತ್ತಿಗೆ ಹಲವು ಆಗಲೇ ನಿರ್ಜೀವವಾಗಿರುತ್ತವೆ. ಹೇಂಟೆಯ ತಪ್ಪೇನು?

ಇನ್ನು ಗುಡುಗಿನ ಮಾತು. ಈ ಸೀಮೆಯಲ್ಲಿ ಬೇಸಿಗೆಯ ಕೊನೆಗೆ ಗುಡುಗು ಮಿಂಚುಗಳೊಡನೆ ಮಳೆ ಬರುತ್ತದೆ. ಬಿಸಿಲಿನಲ್ಲಿ ಕೆಟ್ಟ ತತ್ತಿಗಳು ಆ ದಿನಗಳಲ್ಲಿಯೇ ಒಡೆಯದೆ ಉಳಿದು ಕಣ್ಣಿಗೆ ಬೀಳುತ್ತವೆ. ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಗುಡುಗು ಕಿವಿಗೆ ಕೇಳಿಸುತ್ತದೆ. ಅಟ್ಟದ ಮೇಲಿನ ಬಿಸಿ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಆದುದರಿಂದ ಅಪವಾದ ಗುಡುಗಿಗೆ ಬಂದಿತು.

ಇಪ್ಪತ್ತೊಂದು ದಿನಗಳು

ಗ್ರೀಸಿನ ಅರಿಸ್ಟಾಟಲನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಾವಿನ ತತ್ತಿಯೊಳಗಿನ ಬೆಳವಣಿಗೆಯನ್ನು ಬಣ್ಣಿಸಿದನು. ಮೂರು ದಿನಗಳಾದ ಮೇಲೆ ರಕ್ತದ ಬಿಂದುವಿನಂತೆ ಮಿಡಿಯುವ ಹೃದಯವನ್ನು ಕಾಣಬಹುದೆಂದು ಅವನು ಹೇಳಿದ್ದಾನೆ. ಮರಿ ಬೆಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ನೀರಾವಿ ಹೊರಹೋಗಿ, ಮೊಂಡು ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಇಡೀ ಅವಧಿಯಲ್ಲಿ ತತ್ತಿ ತನ್ನ ತೂಕದ ಎಂಟನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಹೇಂಟೆ ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ತತ್ತಿಗಳನ್ನು ಹೊರಳಿಸುವುದು ಸುಮ್ಮನೆ ಅಲ್ಲ. ಹೊರಳದ ತತ್ತಿಯಲ್ಲಿ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಕೊನೆಯಲ್ಲಿ ಮರಿಯು ಗಾಳಿಗೂಡಿನ ಪೊರೆಯನ್ನು ಹರಿದು ಮೊದಲ ಉಸಿರನ್ನೆಳೆದು, ಅನಂತರ ಚಿಪ್ಪನ್ನು ಒಡೆಯುತ್ತದೆ. ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಂಡಿರುವುದರಿಂದ ಒಂದೆರಡು ದಿನ ಅದಕ್ಕೆ ಆಹಾರವಿಲ್ಲದಿದ್ದರೂ ನಡೆಯುತ್ತದೆ.

ಮನೆಯಲ್ಲಿ ಮಾಡಬಹುದಾದುದು

ಬಿಸಿಲಿನ ಸೀಮೆಗೆ ಬಿಸಿಲೇ ಕೊಟ್ಟ ಉಪಾಯವೊಂದುಂಟು. ಕುಡಿಯುವ ನೀರಿನ ಮಣ್ಣಿನ ಗಡಿಗೆಯನ್ನು ತಂಪಾಗಿಡುವುದು ಆವಿಯಾಗುವ ನೀರು. ಗಾಳಿ ಒಣಗಿದಷ್ಟೂ ತಂಪು ಹೆಚ್ಚು. ಬುಟ್ಟಿಯಲ್ಲಿ ಮರಳು ತುಂಬಿ ನೀರು ಹಾಕಿ, ಅದರೊಳಗೆ ಅಗಲ ಬಾಯಿಯ ಗಡಿಗೆಯನ್ನು ಅರ್ಧ ಹೂಳಬೇಕು. ಗಡಿಗೆಯೊಳಗೆ ಒಣ ಹೊಟ್ಟನ್ನು ಹಾಸಿ, ಚೂಪು ತುದಿ ಕೆಳಗಾಗುವಂತೆ ತತ್ತಿಗಳನ್ನಿಟ್ಟು, ತೆಳುವಾದ ಬಟ್ಟೆಯನ್ನು ಮುಚ್ಚಬೇಕು. ನೆರಳೂ ಗಾಳಿಯೂ ಇರುವ ಮೂಲೆಯಲ್ಲಿಟ್ಟು ಮರಳನ್ನು ದಿನಕ್ಕೆರಡು ಬಾರಿ ತೋಯಿಸಬೇಕು. ತತ್ತಿಗೆ ನೀರು ತಗುಲಬಾರದು, ತತ್ತಿಯನ್ನು ತೊಳೆಯಲೂಬಾರದು. ತೊಳೆದರೆ ರೋಗಾಣುಗಳನ್ನು ತಡೆಯುವ ಮೇಲ್ಪೊರೆ ಹೋಗುತ್ತದೆ.

ಈ ಗಡಿಗೆ ಹೊರಗಿಗಿಂತ ಹಲವು ಅಂಶ ತಂಪಾಗಿದ್ದರೂ 20ಕ್ಕೆ ಇಳಿಯದು. ಆದುದರಿಂದ ಬೇಸಿಗೆಯಲ್ಲಿ ನಾಲ್ಕೈದು ದಿನಗಳೊಳಗಿನ ತತ್ತಿಗಳನ್ನೇ ಕಾವಿಗಿಡಬೇಕು. ಮೊದಲು ಇಟ್ಟವು ಅಡುಗೆಗಾಗಲಿ. ತತ್ತಿಯ ಮೇಲೆ ಪೆನ್ಸಿಲಿನಿಂದ ದಿನಾಂಕ ಬರೆದರೆ ಸಾಕು. ಕಾವಿನ ಬುಟ್ಟಿಯನ್ನೂ ಮನೆಯ ತಂಪಾದ ಮೂಲೆಯಲ್ಲಿಡಬೇಕು. ತತ್ತಿಯ ಉಷ್ಣತೆ 41 ಅಂಶವನ್ನು ದಾಟಿ ಗಂಟೆಗಟ್ಟಲೆ ಅಲ್ಲಿಯೇ ನಿಂತರೆ ಬೆಳೆದ ಭ್ರೂಣವೂ ಉಳಿಯದು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯವು ರೂಪಿಸಿದ ಗಿರಿರಾಜ ತಳಿಗೆ ಕಾವು ಕೂಡುವ ಗುಣ ಬಹು ಕಡಿಮೆ. ಅದರ ತತ್ತಿಗೂ ನಾಟಿ ಹೇಂಟೆಯೇ ತಾಯಿಯಾಗಬೇಕು.

ಒಂದು ಪ್ರಯೋಗ

ನಾವು ಹೇಳಿದುದನ್ನು ವಿದ್ಯಾರ್ಥಿಗಳು ಹಾಗೆಯೇ ನಂಬಬೇಕಾಗಿಲ್ಲ. ನೆರೆಹೊರೆಯಿಂದ ಒಂದೇ ವಾರದ ಹನ್ನೆರಡು ತತ್ತಿಗಳನ್ನು ಕೂಡಿಸಿರಿ. ಬಂದಂತೆ ಒಂದನ್ನು ಅಟ್ಟದ ಮೇಲೆ, ಮುಂದಿನದನ್ನು ಗಡಿಗೆಯಲ್ಲಿ ಇಡಿರಿ. ಮೇಲೆ ‘ಅ’ ಮತ್ತು ‘ಗ’ ಎಂದು ಗುರುತು ಮಾಡಿರಿ. ಅನಂತರ ಎಲ್ಲವನ್ನೂ ಒಂದೇ ಹೇಂಟೆಯ ಕೆಳಗಿಡಿರಿ. ಆಗ ಗುಡುಗಿದರೂ ಎರಡು ಗುಂಪಿಗೂ ಸಮನಾಗಿಯೇ ಕೇಳಿಸುವುದು.

ಏಳನೆಯ ರಾತ್ರಿ ಕತ್ತಲೆಯ ಕೋಣೆಯಲ್ಲಿ, ರಟ್ಟಿನ ತೂತಿನ ಹಿಂದೆ ಟಾರ್ಚು ಹಿಡಿದು ತತ್ತಿಗಳನ್ನು ನೋಡಿರಿ. ಜೇಡನ ಕಾಲುಗಳಂತೆ ಹರಡಿದ ಕೆಂಪು ನಾಳಗಳಿದ್ದರೆ ಜೀವವುಂಟು. ಕೆಂಪು ಬಳೆಯೊಂದೇ ಕಂಡರೆ ಭ್ರೂಣ ಸತ್ತಿದೆ. ಏನೂ ಕಾಣದ ತತ್ತಿಯನ್ನು ತಟ್ಟೆಗೆ ಒಡೆದು ನೋಡಿರಿ. ಹಳದಿಯ ಮೇಲೆ ಚಿಕ್ಕದಾದ ಒತ್ತು ಬಿಳಿಯ ಚುಕ್ಕೆಯಷ್ಟೇ ಇದ್ದರೆ ಗರ್ಭಾಂಕುರವೇ ಆಗಿಲ್ಲ. ದೋಷ ಹುಂಜದ ಕಡೆಯದಿರಬಹುದು. ಅಗಲವಾದ ಉಂಗುರದಂತಹ ಬಿಲ್ಲೆಯಿದ್ದರೆ ಜೀವ ಮೊಳೆತು ಆರಂಭದಲ್ಲಿಯೇ ಅಳಿಯಿತೆಂದು ತಿಳಿಯಬೇಕು.

ಇಪ್ಪತ್ತೊಂದನೆಯ ದಿನ ಎರಡು ಗುಂಪುಗಳ ಮರಿಗಳನ್ನು ಬೇರೆ ಬೇರೆಯಾಗಿ ಎಣಿಸಿ ಬರೆದಿಡಿರಿ. ಒಂದು ಹೇಂಟೆಯ ಹನ್ನೆರಡು ತತ್ತಿಗಳಿಂದ ಸಿದ್ಧಾಂತ ಸ್ಥಿರವಾಗದು. ಆದರೆ ಮೂರು ತಾಲ್ಲೂಕುಗಳ ವಿದ್ಯಾರ್ಥಿಗಳು ಮೂವತ್ತು ಮನೆಗಳಲ್ಲಿ ಹೀಗೆಯೇ ಎಣಿಸಿ ಲೆಕ್ಕವನ್ನು ಕೂಡಿಸಿದರೆ, ಹೇಂಟೆಯ ಮೇಲಿನ ಅಪವಾದ ನಿಲ್ಲುವುದೋ ಇಲ್ಲವೋ ತಿಳಿಯುವುದು. ಮುಂದಿನ ಬೇಸಿಗೆಯಲ್ಲಿ ಆ ಮನೆಗಳ ಹಿತ್ತಲಲ್ಲಿ ಇನ್ನಷ್ಟು ಮರಿಗಳು ಓಡಾಡಬಹುದು.