ಎಚ್‌ಎಸ್‌ಎನ್ ಕೋಡ್ ತಕರಾರು: ತಪ್ಪು ಬೇರೆ, ವಂಚನೆ ಬೇರೆ

ಕೊಬ್ಬರಿ ಎಣ್ಣೆ ಇರುವುದು ಒಗ್ಗರಣೆಗೋ, ತಲೆಗೋ? ಕರಾವಳಿಯ ಮನೆಗಳಲ್ಲಿ ಎರಡಕ್ಕೂ. ಕೇಂದ್ರ ಅಬಕಾರಿ ಇಲಾಖೆ ಈ ಉತ್ತರ ಒಪ್ಪಲಿಲ್ಲ. ಸಣ್ಣ ಬಾಟಲಿ, ಸ್ಯಾಷೆಗಳಲ್ಲಿ ಮಾರುವುದು ಕೇಶತೈಲವೇ ಎಂದು ತಯಾರಕರಿಂದ ಹೆಚ್ಚಿನ ಸುಂಕ ಕೇಳಿತು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಮದನ್ ಆಗ್ರೊ ಇಂಡಸ್ಟ್ರೀಸ್ ಪ್ರಕರಣದಲ್ಲಿ ಮೂವರ ಪೀಠ, ಪೊಟ್ಟಣ ಚಿಕ್ಕದೆಂಬ ಒಂದೇ ಕಾರಣಕ್ಕೆ ಖಾದ್ಯ ತೈಲ ಕೇಶತೈಲವಾಗದು ಎಂದಿತು.

ನ್ಯಾಯಮೂರ್ತಿಗಳಲ್ಲೇ ಒಮ್ಮತವಿಲ್ಲದ ವಿಷಯದಲ್ಲಿ ತಯಾರಕ ಒಂದು ಅರ್ಥ ಹಿಡಿದು ಸುಂಕ ಕಟ್ಟಿದರೆ ಅದು ವಂಚನೆಯೇ? ಶೋಕಾಸ್ ನೋಟಿಸ್ ಬಂದಾಗ ನಿಜವಾಗಿ ಹೋರಾಡಬೇಕಾದ ಪ್ರಶ್ನೆ ಇದು. ಹೆಚ್ಚಿನವರು ಸರಕಿನ ವರ್ಗ ಸೂಚಿಸುವ ಎಚ್‌ಎಸ್‌ಎನ್ ಕೋಡ್ ಬಗ್ಗೆ ‘ನಮ್ಮ ಕೋಡೇ ಸರಿ’ ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ. ಅದು ಸಾಲದು. ಕೋಡ್ ತಪ್ಪೆಂದೇ ತೀರ್ಮಾನವಾದರೂ ನಾವು ಏನನ್ನೂ ಮುಚ್ಚಿಟ್ಟಿಲ್ಲ ಎಂಬುದನ್ನು ಪ್ರತ್ಯೇಕವಾಗಿ, ದಾಖಲೆ ಸಮೇತ ಬರೆಯಬೇಕು. ಇನ್‌ವಾಯ್ಸ್‌ನಲ್ಲಿ ಸರಕಿನ ಪೂರ್ತಿ ವಿವರಣೆ, ಲೇಬಲ್‌ನ ಪ್ರತಿ, ರಿಟರ್ನ್, ಹಿಂದಿನ ಆಡಿಟ್‌ನಲ್ಲಿ ಅಧಿಕಾರಿಗಳು ಇದೇ ಕೋಡ್ ನೋಡಿ ಹೋಗಿದ್ದರೆ ಆ ವರದಿ, ಇವೆಲ್ಲ ಜೊತೆಗಿರಲಿ.

ಏಕೆಂದರೆ ತಪ್ಪಿಗೂ ವಂಚನೆಗೂ ದಂಡದಲ್ಲಿ ಅಜಗಜಾಂತರವಿದೆ. ಹಳೆಯ ಅಬಕಾರಿ ಕಾಯ್ದೆಯ 11ಎ ಕಲಂ ಪ್ರಕಾರ 2016ರ ತಿದ್ದುಪಡಿಯ ನಂತರ ಸಾಮಾನ್ಯ ಪ್ರಕರಣದಲ್ಲಿ ಎರಡು ವರ್ಷ ಹಿಂದಕ್ಕೆ ಹೋಗಬಹುದು. ವಂಚನೆ, ಉದ್ದೇಶಪೂರ್ವಕ ಮರೆಮಾಚುವಿಕೆ ಇದ್ದರೆ ಐದು ವರ್ಷ, ಮೇಲೆ ಸುಂಕದಷ್ಟೇ ದಂಡ. ಈಗ ತಂಬಾಕು, ಪೆಟ್ರೋಲಿಯಂನಂಥ ಕೆಲವಕ್ಕೆ ಬಿಟ್ಟರೆ ಅಬಕಾರಿ ಸುಂಕವಿಲ್ಲ. ಜಿಎಸ್‌ಟಿಯಲ್ಲಿ 2024–25ರಿಂದ 74ಎ ಕಲಂ ಬಂದಿದೆ. ನೋಟಿಸ್‌ಗೆ ಕಾಲಮಿತಿ ಎಲ್ಲರಿಗೂ ಒಂದೇ, ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 42 ತಿಂಗಳು. ದಂಡ ಮಾತ್ರ ಬೇರೆ: ವಂಚನೆಯಿಲ್ಲದಿದ್ದರೆ ತೆರಿಗೆಯ ಶೇ 10 ಅಥವಾ ₹10,000, ಯಾವುದು ಹೆಚ್ಚೋ ಅದು, ವಂಚನೆಯಾದರೆ ತೆರಿಗೆಯಷ್ಟೇ. ಸೋಲು ಖಚಿತ ಎನಿಸಿದರೆ, ನೋಟಿಸ್ ಬಂದ 60 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದವರಿಗೆ ಮೊದಲ ಬಗೆಯಲ್ಲಿ ದಂಡವಿಲ್ಲ. ಎರಡನೆಯದರಲ್ಲಿ ಶೇ 25ಕ್ಕೆ ಇಳಿಯುತ್ತದೆ.

ಮೊದಲೇ ಅನುಮಾನವಿದ್ದವರಿಗೆ ಅಡ್ವಾನ್ಸ್ ರೂಲಿಂಗ್, ಅಂದರೆ ಪ್ರಾಧಿಕಾರವನ್ನು ಮುಂಚಿತವಾಗಿ ಕೇಳಿ ಉತ್ತರ ಪಡೆಯುವ ದಾರಿ, ಇದೆ. ಆದರೆ ಅದೇ ಪ್ರಶ್ನೆಯ ಮೇಲೆ ನಿಮ್ಮ ವಿರುದ್ಧ ವಿಚಾರಣೆ ನಡೆಯುತ್ತಿದ್ದರೆ ಅರ್ಜಿ ನಿಲ್ಲದು. ಉತ್ತರ ನಿಮಗೆ ಹಿಡಿಸದೆಯೂ ಇರಬಹುದು: 2020ರಲ್ಲಿ ಕರ್ನಾಟಕದ ಪ್ರಾಧಿಕಾರ ಪರೋಟಾವನ್ನು ರೊಟ್ಟಿಯ ಸಾಲಿಗೆ ಸೇರಿಸಲೊಪ್ಪದೆ ಶೇ 18 ಹಾಕಿತ್ತು. (2025ರ ಸೆಪ್ಟೆಂಬರ್‌ನಿಂದ ಪರೋಟಾಗೆ ತೆರಿಗೆಯೇ ಇಲ್ಲ. ಕೇಶತೈಲವೂ ಶೇ 5ಕ್ಕೆ ಇಳಿದು ಖಾದ್ಯ ತೈಲದ ಸಮಕ್ಕೆ ಬಂತು. ಹಳೆಯ ವರ್ಷಗಳ ನೋಟಿಸ್‌ಗಳಿಗೆ ಇದರಿಂದ ಬಿಡುಗಡೆಯಿಲ್ಲ.)

ನೋಟಿಸ್ ಅಂಚೆಯಲ್ಲೇ ಬರುತ್ತದೆಂದು ಕಾಯಬೇಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ‘ನೋಟಿಸಸ್ ಅಂಡ್ ಆರ್ಡರ್ಸ್’ ಒಂದು ಕಡೆ, ‘ಅಡಿಷನಲ್ ನೋಟಿಸಸ್’ ಇನ್ನೊಂದು ಕಡೆ ಇರುತ್ತವೆ. ಎರಡನೆಯದನ್ನು ತೆರೆದೇ ನೋಡದೆ ಏಕಪಕ್ಷೀಯ ಆದೇಶ ಹೊತ್ತುಕೊಂಡವರಿದ್ದಾರೆ. ಉತ್ತರದಲ್ಲಿ ವೈಯಕ್ತಿಕ ವಿಚಾರಣೆ ಬೇಕೆಂದು ಬರೆಯಿರಿ. ಕೇಳಿದ ಮೇಲೆ ಕೊಡಲೇಬೇಕು. ಆದೇಶ ವಿರುದ್ಧವಾದರೆ ಮೂರು ತಿಂಗಳೊಳಗೆ, ವಿವಾದಿತ ತೆರಿಗೆಯ ಶೇ 10 ಕಟ್ಟಿ ಮೇಲ್ಮನವಿ. ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು ಸಿಗುತ್ತದೆ. ಅದಕ್ಕೂ ಮೀರಿದ ವಿಳಂಬವನ್ನು ಮನ್ನಿಸುವ ಅಧಿಕಾರವನ್ನು ಕಾಯ್ದೆ ಮೇಲ್ಮನವಿ ಅಧಿಕಾರಿಗೆ ಕೊಟ್ಟಿಲ್ಲ.