ಇತಿಹಾಸದ ಉಪನ್ಯಾಸ ಕೇಳುವುದು ಹೇಗೆ?

ಹಿಡಕಲ್ ಎಂದರೆ ಎಲ್ಲರಿಗೂ ನೆನಪಾಗುವುದು ರಾಜಾ ಲಖಮಗೌಡ ಜಲಾಶಯ. ಘಟಪ್ರಭಾ ನದಿಗೆ ಕಟ್ಟಿದ ಈ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ಸಾಮರ್ಥ್ಯ 51 ಟಿಎಂಸಿ, ಅಂದರೆ 5,100 ಕೋಟಿ ಘನ ಅಡಿ. ಪರೀಕ್ಷೆಗೆ ಇಷ್ಟು ಸಾಕು, ಇತಿಹಾಸಕ್ಕೆ ಸಾಲದು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಾಲಯ ಕಾಣಿಸುತ್ತದೆ. ಮುಳುಗಿದ ಊರುಗಳ ಜನ ಎಲ್ಲಿಗೆ ಹೋದರು, ಹೇಗೆ ಹೋದರು?

ಇಂಥ ಪ್ರಶ್ನೆಗಳಿಗೆ ತಕ್ಕ ಜಾಗ ಊರಿನ ಗ್ರಂಥಾಲಯ. ಧಾರವಾಡದಲ್ಲಿ 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಇಂದಿಗೂ ಸಾರ್ವಜನಿಕ ಉಪನ್ಯಾಸಗಳನ್ನು ನಡೆಸುತ್ತಿದೆ. ನಮ್ಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. ಅಲ್ಲಿಯೂ ತಿಂಗಳಿಗೊಂದು ಇತಿಹಾಸದ ಉಪನ್ಯಾಸ ನಡೆಯಲಿ ಎಂಬುದು ನನ್ನ ಆಸೆ. ಆದರೆ ಹೇಳುವವರಂತೆ ಕೇಳುವವರಿಗೂ ತಯಾರಿ ಬೇಕು.

ಮೊದಲ ಪ್ರಶ್ನೆ: ಆಧಾರ ಯಾವುದು? ಕಾಗದಪತ್ರವೋ, ಹುಕ್ಕೇರಿಯ ಗುಂಬಜ್‌ಗಳಂಥ ಕಟ್ಟಡವೋ, ಕಣ್ಣಾರೆ ಕಂಡವರ ನೆನಪೋ?

ಎರಡನೆಯದು: ಹೇಳಿದ್ದು ಸಾಧ್ಯವೇ? 1377ರಲ್ಲಿ 'ಮುಖದ್ದಿಮಾ' ಬರೆದ ಇಬ್ನ್ ಖಲ್ದೂನ್ ಈ ಪ್ರಶ್ನೆಯನ್ನು ಕಲಿಸಿದರು. ಹಜರತ್ ಮೂಸಾ(ಅ) ಅವರ ಸೈನ್ಯದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಇದ್ದರೆಂಬ ಹಳೆಯ ಬರಹವನ್ನು ಅವರು ಒಪ್ಪಲಿಲ್ಲ. ಅಷ್ಟು ಜನ ಸಾಲಾಗಿ ನಿಂತರೆ ಒಂದು ತುದಿಯಲ್ಲಿ ನಡೆದದ್ದು ಇನ್ನೊಂದು ತುದಿಗೆ ತಿಳಿಯುವುದೇ ಇಲ್ಲ, ಮತ್ತೆ ಯುದ್ಧ ಮಾಡುವುದು ಹೇಗೆ ಎಂಬುದು ಅವರ ವಾದ.

ಈ ಪಾಠವನ್ನು ನಾನು ಮನೆಯಲ್ಲೇ ಪ್ರಯೋಗಿಸಿದೆ. ನಮ್ಮ ನಾನಿಯ ಊರು ಮುಳುಗಡೆಯಾದದ್ದು. "ಒಂದ ರಾತ್ರ್ಯಾಗ ನೀರ ಬಂತು" ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಇಷ್ಟು ದೊಡ್ಡ ಜಲಾಶಯ ಒಂದು ರಾತ್ರಿಯಲ್ಲಿ ತುಂಬುವುದಿಲ್ಲವಲ್ಲ ಎಂದು ಮತ್ತೆ ಕೇಳಿದೆ. "ನೀರ ದಿನಾ ಏರತಿತ್ತು. ನಮ್ಮ ಹಿತ್ತಲಕ್ಕ ಬಂದಿದ್ದು ಅವತ್ತ ರಾತ್ರಿ. ಮುಂಜಾನೆ ಎದ್ದು ಬಿಟ್ಟ ಹೊಂಟಿವಿ" ಎಂದರು. ನಾನಿ ಸುಳ್ಳು ಹೇಳಿರಲಿಲ್ಲ, ನಾನೇ ಅರ್ಧ ಕೇಳಿದ್ದೆ. ನೀರಿನ ಲೆಕ್ಕ ದಾಖಲೆಯಲ್ಲಿ ಸಿಗುತ್ತದೆ. ಆ ಮುಂಜಾನೆ ಮಾತ್ರ ನಾನಿಯ ಬಳಿ ಇದೆ. ಅದಕ್ಕೇ ಮೂರನೆಯ ನಿಯಮ: ಅನುಮಾನ ಬಂದರೆ ತಳ್ಳಿಹಾಕಬೇಡಿ, ಮತ್ತೊಮ್ಮೆ ಕೇಳಿ.

1977ರಲ್ಲಿ ಇಪ್ಪತ್ತರ ವಯಸ್ಸಿನವರಾಗಿದ್ದವರು ಈಗ ಎಪ್ಪತ್ತರ ಹತ್ತಿರ ಇದ್ದಾರೆ. ಕೇಳಲು ಉಳಿದಿರುವ ಕಾಲ ಹೆಚ್ಚಿಲ್ಲ. ಗೆಳೆಯರೇ, ಈ ರಜೆಯಲ್ಲಿ ಮನೆಯ ಹಿರಿಯರೊಬ್ಬರ ನೆನಪನ್ನು ಊರು, ವರ್ಷ ಸಹಿತ ಬರೆದುಕೊಳ್ಳಿ. ಅರಿವು ಕೇಂದ್ರದ ಮೊದಲ ಉಪನ್ಯಾಸಕ್ಕೆ ಅದೇ ಸಾಮಗ್ರಿಯಾಗಲಿ.